ಗುಂಡು ಬಾವಿಯಲ್ಲಿ ಕಲಿತ ಈಜು

ನಾನು ಎಂಟನೇ ತರಗತಿಯ ಪರೀಕ್ಷೆ ಬರೆದು ಕೂತಿದ್ದ ಬೇಸಿಗೆ ಅದು. ಈಗ ನನಗೆ ಮೂವತ್ತರ ಹತ್ತಿರ. ಜಿಲ್ಲಾ ಕೇಂದ್ರದ ಈಜುಕೊಳವೊಂದರಲ್ಲಿ ಮಕ್ಕಳಿಗೆ ಈಜು ಕಲಿಸುತ್ತೇನೆ. ಅದಕ್ಕೂ ಮೊದಲು ಬಹಳ ವರ್ಷ ಫ್ರೀಸ್ಟೈಲ್ ಸ್ಪರ್ಧೆಗಳಲ್ಲಿ ಈಜಿದ್ದೇನೆ, ಒಂದಷ್ಟು ಪದಕ ಗೆದ್ದಿದ್ದೇನೆ, ಗೆದ್ದಿದ್ದಕ್ಕಿಂತ ಹೆಚ್ಚು ಸೋತಿದ್ದೇನೆ. ಮಕ್ಕಳನ್ನು ಬಿಡಲು ಬರುವ ಅಪ್ಪ ಅಮ್ಮಂದಿರು, "ಮೇಡಂ, ನೀವು ಯಾವ ಅಕಾಡೆಮೀಲಿ ಕಲಿತಿದ್ದು?" ಎಂದು ಕೇಳುತ್ತಾರೆ. "ನಮ್ಮ ತೋಟದ ಬಾವೀಲಿ" ಎಂದರೆ ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡು ನಗುತ್ತಾರೆ. ನಾನೂ ನಕ್ಕು ಸುಮ್ಮನಾಗುತ್ತೇನೆ. ಆ ಬೇಸಿಗೆಯ ಕತೆ ಕೊಳದ ದಡದಲ್ಲಿ ನಿಂತು ಹೇಳಿ ಮುಗಿಸುವಂಥದ್ದಲ್ಲ.

ನಮ್ಮೂರು ತುರುವೇಕೆರೆ ತಾಲ್ಲೂಕಿನ ದಬ್ಬೇಘಟ್ಟದ ಕಡೆ. ತೆಂಗಿನ ತೋಟದ ನಡುವೆ ನಮ್ಮದೊಂದು ಹಳೆಯ ಬಾವಿಯಿದೆ. ಕಲ್ಲು ಕಟ್ಟಿದ ದೊಡ್ಡ ಗುಂಡು ಬಾವಿ. ಗೋಡೆಯಿಂದಲೇ ಚಾಚಿಕೊಂಡ ಕಲ್ಲಿನ ಮೆಟ್ಟಿಲುಗಳು ನೀರಿನವರೆಗೂ ಇಳಿಯುತ್ತವೆ. ಮೆಟ್ಟಿಲು ಮುಗಿಯುವಲ್ಲಿ, ಪಕ್ಕದ ಗೋಡೆಯಲ್ಲಿ ಒಂದು ಗೂಡು. ಗೂಡಿನೊಳಗೆ ಅರಿಶಿನ ಮೆತ್ತಿದ ಒಂದು ಸಣ್ಣ ಕಲ್ಲು. ಅದೇ ಗಂಗಮ್ಮ. ನಾಲೆ ನೀರು ಆ ಕಡೆ ಹರಿಯುವುದರಿಂದ ನಮ್ಮ ಬಾವಿ ಬೇಸಿಗೆಯಲ್ಲೂ ಬತ್ತುತ್ತಿರಲಿಲ್ಲ.

ನನಗೆ ಈಜು ಕಲಿಸಿದವಳು ಶಿವಮ್ಮತ್ತೆ, ಅಪ್ಪನ ಅಕ್ಕ. ಚಿಕ್ಕನಾಯಕನಹಳ್ಳಿಗೆ ಕೊಟ್ಟಿದ್ದರಂತೆ. ಮದುವೆಯಾಗಿ ಕೆಲವೇ ವರ್ಷಕ್ಕೆ ಮಾವ ತೀರಿಕೊಂಡರು, ಮಕ್ಕಳಿರಲಿಲ್ಲ, ತವರಿಗೆ ಬಂದವಳು ಇಲ್ಲೇ ಉಳಿದಳು. ನಾನು ಹುಟ್ಟಿದಾಗಿನಿಂದ ಅವಳನ್ನು ನಮ್ಮ ಮನೆಯಲ್ಲೇ ಕಂಡಿದ್ದೇನೆ. ಅವಳಿಗೆ ನಾನು ಯಾವತ್ತೂ ಬಹುವಚನ ಹಾಕಿದವಳಲ್ಲ, ಇಲ್ಲಿಯೂ ಹಾಕುವುದಿಲ್ಲ. ಹಾಕಿದರೆ ಓದಿಸಿ ಕೇಳಿಸಿಕೊಂಡು, "ಇದ್ಯಾರ ವಿಚಾರ ಬರ್ದಿದೀಯೇ?" ಎಂದು ಅವಳೇ ಕೇಳುತ್ತಾಳೆ.

ಬಾವಿ ಇರೋ ಮನೆಯ ಮಕ್ಕಳಿಗೆ ಈಜು ಬರದೆ ಇರಬಾರದು ಎನ್ನುವುದು ಅತ್ತೆಯ ಹಟ. ಬೇರೆ ವಿಷಯಕ್ಕೆ ದನಿ ಎತ್ತದವಳು ಈ ಒಂದು ಮಾತಿಗೆ ಅಪ್ಪನ ಜೊತೆಗೂ ಜಗಳಕ್ಕೆ ನಿಲ್ಲುತ್ತಿದ್ದಳು. ಸಿಪ್ಪೆ ಸುಲಿಯದ ಎರಡು ಒಣ ತೆಂಗಿನಕಾಯಿಗಳನ್ನು ನಾರಿನಿಂದ ಜೋಡಿಸಿ ನನ್ನ ಬೆನ್ನಿಗೆ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು, ಹಗ್ಗದ ತುದಿ ತನ್ನ ಕೈಗೆ ಸುತ್ತಿಕೊಂಡು ಕಡೆಯ ಮೆಟ್ಟಿಲ ಮೇಲೆ ಕೂರುತ್ತಿದ್ದಳು. "ಕಾಯಿ ಮುಳುಗಲ್ಲ, ಕಾಯಿ ಕಟ್ಕೊಂಡೋಳೂ ಮುಳುಗಲ್ಲ. ಕೈ ಬಡಿ" ಎನ್ನುವಳು. ಮುಂದಿನ ಬೇಸಿಗೆಗೆ ಒಂದು ಕಾಯಿ ಬಿಚ್ಚಿದಳು. ಅದರ ಮುಂದಿನ ಬೇಸಿಗೆಗೆ ಇನ್ನೊಂದನ್ನೂ ಬಿಚ್ಚಿ, ಹಗ್ಗವನ್ನೂ ತೆಗೆದಳು. ಮೇಲೆ ಬಂದ ಕೂಡಲೆ ಬಾಯಿಗೆ ಒಂದು ಚೂರು ಕೊಬ್ಬರಿ, ಒಂದು ಉಂಡೆ ಬೆಲ್ಲ. ಆ ಕೊಬ್ಬರಿ ಬೆಲ್ಲದ ಆಸೆಗೇ ನಾನು ಇನ್ನೂ ನಾಲ್ಕು ಸುತ್ತು ಹೊಡೆಯುತ್ತಿದ್ದೆ.

ಇಷ್ಟೆಲ್ಲ ಕಲಿಸಿದ ಅತ್ತೆ ಮಾತ್ರ ನೀರಿಗೆ ಇಳಿದದ್ದನ್ನು ನಾನು ನೋಡಿರಲೇ ಇಲ್ಲ. ಪಾದ ನೆನೆಯುವ ಮೆಟ್ಟಿಲಿನಿಂದ ಕೆಳಗೆ ಅವಳು ಕಾಲಿಟ್ಟವಳಲ್ಲ. "ನಿಂಗೆ ಈಜು ಬತ್ತದಾ ಅತ್ತೆ?" ಎಂದು ಕೇಳಿದರೆ, "ಬಾಯಿ ಮುಚ್ಕೊಂಡು ಕೈ ಬಡಿಯೇ" ಎನ್ನುತ್ತಿದ್ದಳು. ಬರುವುದಿಲ್ಲ, ಅದಕ್ಕೇ ಗದರಿಸುತ್ತಾಳೆ ಎಂದು ನಾನು ತೀರ್ಮಾನ ಮಾಡಿಕೊಂಡಿದ್ದೆ.

ಇನ್ನೊಂದು ಕಟ್ಟುನಿಟ್ಟು ಇತ್ತು. ಬಾವಿಯಲ್ಲಿ ಗಂಗಮ್ಮ ಇದ್ದಾಳೆ, ಆದ್ದರಿಂದ ಈಜುವವರು ಪ್ರದಕ್ಷಿಣೆಯಾಗಿಯೇ ಸುತ್ತಬೇಕು. ತಪ್ಪಿಯೂ ತಿರುಗಾಮುರುಗಾ ಸುತ್ತಬಾರದು. ಹಾಗಾಗಿ ಗೋಡೆ ನನಗೆ ಯಾವಾಗಲೂ ಎಡಕ್ಕೆ, ಬಾವಿಯ ನಡುಮಧ್ಯ ಬಲಕ್ಕೆ. ಮೆಟ್ಟಿಲ ಮೇಲೆ ಕೂತ ಅತ್ತೆಯನ್ನು ನೋಡಬೇಕಾದರೆ ಎಡಕ್ಕೆ ಮುಖ ತಿರುಗಿಸಬೇಕು. ತಿರುಗಿಸಿದಾಗಲೇ ಉಸಿರು ತೆಗೆದುಕೊಳ್ಳುತ್ತಿದ್ದೆ. ಬಲಕ್ಕೆ ತಿರುಗಿ ನೋಡುವಂಥದ್ದು ಅಲ್ಲಿ ಏನೂ ಇರಲಿಲ್ಲ.

ಒಂದು ದಿನ ನಮ್ಮ ಶಾಲೆಯ ಪಿ.ಟಿ. ಮೇಷ್ಟ್ರು ಎಳನೀರಿಗೆಂದು ತೋಟಕ್ಕೆ ಬಂದವರು ಬಾವಿಗೆ ಬಗ್ಗಿ ನೋಡಿದರು. ಕೈಯಲ್ಲಿದ್ದ ಎಳನೀರು ಕುಡಿಯುವುದನ್ನೂ ಮರೆತು ನಿಂತರು. "ಏನ್ರೀ ಇದು, ಈ ಹುಡುಗಿ ಮೀನಿಗೆ ಹುಟ್ಟಿದ್ದಾ?" ಎಂದರು. ಅಪ್ಪ ಪಕ್ಕದಲ್ಲೇ ನಿಂತಿದ್ದರು. ಅವರ ಮುಖ ನೋಡಿ ಮೇಷ್ಟ್ರು, "ತಪ್ಪು ತಿಳ್ಕೋಬೇಡಿ ಕಣ್ರೀ, ಚೆನ್ನಾಗಿ ಈಜ್ತಾಳೆ ಅಂತ ಹೇಳ್ದೆ" ಎಂದು ಸಮಾಧಾನ ಮಾಡಿದರು. ಅವರೇ ವಿಚಾರಿಸಿಕೊಂಡು ಬಂದು ಹೇಳಿದ್ದು: ಕ್ರೀಡಾ ಹಾಸ್ಟೆಲಿಗೆ ಈಜಿನಲ್ಲಿ ಮಕ್ಕಳನ್ನು ಆರಿಸುತ್ತಾರೆ, ಸೇರಿದರೆ ಓದು, ಊಟ, ತರಬೇತಿ ಎಲ್ಲ ಅಲ್ಲೇ.

ಆ ಸೀಟು ನನಗೆ ಯಾಕೆ ಬೇಕಾಗಿತ್ತು ಎಂದು ಹೇಳಿಬಿಡುತ್ತೇನೆ. ನಮ್ಮ ಕಡೆ ಹುಡುಗಿ ದೊಡ್ಡವಳಾದ ಮೇಲೆ ಬಾವಿಗೆ ಇಳಿಯುವ ಪದ್ಧತಿ ಇಲ್ಲ. ನನಗೂ ಅದೇ ಕಡೆಯ ಬೇಸಿಗೆ ಎಂದು ಮನೆಯಲ್ಲಿ ಮಾತಾಗಿತ್ತು. ನಮ್ಮ ತಾಲ್ಲೂಕಿನಲ್ಲಿ ಈಜುಕೊಳ ಇರಲಿಲ್ಲ. ಹಾಸ್ಟೆಲ್ ಸಿಕ್ಕಿದರೆ ನೀರು ಉಂಟು, ಇಲ್ಲದಿದ್ದರೆ ಇಲ್ಲ. ನೀರಿನಲ್ಲಿ ಇರುವಾಗ ಮಾತ್ರ ನನಗೆ ನಾನು ಸರಿಯಾಗಿದ್ದೇನೆ ಅನ್ನಿಸುತ್ತಿತ್ತು. ನೆಲದ ಮೇಲೆ ನಾನು ಎಲ್ಲದಕ್ಕೂ ಸಿಡುಕುವ, ಸೋತರೆ ಊಟ ಬಿಡುವ ಹುಡುಗಿ.

"ಒಂದ್ಸಲ ಹೋಗಿ ನೋಡ್ಕೊಂಡು ಬರ್ಲಿ. ಆಗ್ಲಿಲ್ವಾ, ಬುಡು, ಓದ್ಕೊಂಡಿರ್ಲಿ" ಎಂದರು ಅಪ್ಪ. ಅತ್ತೆ ತಾನೇ ಕರೆದುಕೊಂಡು ಹೋಗುತ್ತೇನೆ ಎಂದು ಹೊರಟಳು.

ಆಯ್ಕೆ ನಡೆಯುವ ಈಜುಕೊಳ ನೋಡಿ ನನಗೆ ಮೊದಲು ಬಂದದ್ದು ನಗು. ನೀರಿನ ತಳ ಕಾಣಿಸುತ್ತಿತ್ತು! ಬಾವಿಯಲ್ಲಿ ನಮ್ಮ ಕಾಲೇ ನಮಗೆ ಕಾಣಿಸುತ್ತಿರಲಿಲ್ಲ. ತಳದ ಹೆಂಚಿನ ಮೇಲೆ ಉದ್ದಕ್ಕೆ ಕಪ್ಪು ಗೆರೆ ಎಳೆದಿದ್ದರು. ಚೆಂದಕ್ಕೆ ಹಾಕಿದ್ದಾರೆ ಅಂದುಕೊಂಡೆ. ನೀರಿನ ಮೇಲೆ ಬಣ್ಣದ ಬಿಲ್ಲೆ ಪೋಣಿಸಿದ ಹಗ್ಗಗಳನ್ನು ಕಟ್ಟಿದ್ದರು. ಅದು ಕೂಡ ಚೆಂದಕ್ಕೇ ಅಂದುಕೊಂಡೆ. ಮೇಷ್ಟ್ರು ಎಲ್ಲಿಂದಲೋ ತಂದುಕೊಟ್ಟಿದ್ದ ಈಜುಡುಗೆ ತೊಟ್ಟ ನನ್ನನ್ನು ಅತ್ತೆ ಟವೆಲಿನಲ್ಲಿ ಸುತ್ತಿ, ಹಾರುವ ಕಟ್ಟೆಯ ಹತ್ತಿರದವರೆಗೂ ಬಂದು, ಕಡೆಯ ಗಳಿಗೆಯಲ್ಲಿ ಟವೆಲ್ ಕಿತ್ತುಕೊಂಡು ಹೋದಳು. ಹೋಗಿ ಎಡಗಡೆಯ ಮೆಟ್ಟಿಲ ಸಾಲಿನಲ್ಲಿ ಕೂತಳು.

ನೂರು ಮೀಟರ್ ಫ್ರೀಸ್ಟೈಲ್. ಆ ತುದಿಗೆ ಹೋಗಿ, ಗೋಡೆ ಮುಟ್ಟಿ, ಈ ತುದಿಗೆ ಬರಬೇಕು. ಸೀಟಿ ಊದಿದರು, ಹಾರಿದೆ. ನಾನು ಎಲ್ಲರಿಗಿಂತ ಮುಂದಿದ್ದೆ, ಇದು ಜಂಬದ ಮಾತಲ್ಲ, ಆಮೇಲೆ ಅಲ್ಲಿದ್ದವರೇ ಹೇಳಿದ್ದು. ಎಡಕ್ಕೆ ಮುಖ ತಿರುಗಿಸಿದಾಗಲೆಲ್ಲ ಅತ್ತೆಯ ಹಸಿರು ಸೀರೆ ಕಾಣಿಸುತ್ತಿತ್ತು, ಖುಷಿಯಾಗಿ ಇನ್ನೂ ಜೋರಾಗಿ ಕೈ ಬೀಸುತ್ತಿದ್ದೆ. ಆ ತುದಿಗೆ ಅರ್ಧ ದಾರಿ ದಾಟಿರಬೇಕು, ಬಲಗೈ ಹಗ್ಗಕ್ಕೆ ಬಡಿಯಿತು. ಏನೆಂದು ತಿಳಿಯದೆ ಇನ್ನೊಂದು ಕೈ ಬೀಸಿದೆ. ಅಷ್ಟರಲ್ಲಿ ಹಗ್ಗ ಕಂಕುಳಿಗೆ ಸಿಕ್ಕಿಕೊಂಡಿತು, ನನ್ನ ಕೈ ಪಕ್ಕದ ಸಾಲಿನ ಹುಡುಗಿಯ ಭುಜಕ್ಕೆ ಬಡಿದು ಆ ಮಗು ನೀರು ಕುಡಿದು ಕೆಮ್ಮತೊಡಗಿತು. ಸೀಟಿಯ ಮೇಲೆ ಸೀಟಿ. ಇನ್ನೊಬ್ಬರ ದಾರಿಗೆ ಅಡ್ಡ ಹೋದೆನೆಂದು ನನ್ನನ್ನು ಹೊರಗೆ ಹಾಕಿದರು.

ಬಟ್ಟೆ ಬದಲಾಯಿಸುವ ಕೋಣೆಯ ಹೊರಗೆ ಗೋಡೆಗೆ ಮುಖ ಮಾಡಿ ಅಳುತ್ತಿದ್ದಾಗ ಆಯ್ಕೆ ಮಾಡುವ ಮೇಡಂ ಒಬ್ಬರು ಹತ್ತಿರ ಬಂದರು. ಅವರಿಗೆ ನಾನು ಯಾರೋ ಏನೋ. ಸಾಲಿನಲ್ಲಿ ಇನ್ನೂ ಎಷ್ಟೋ ಮಕ್ಕಳು ಕಾಯುತ್ತಿದ್ದರು. ಆದರೂ ನನ್ನ ಪಕ್ಕದಲ್ಲಿ ನೆಲದ ಮೇಲೆ ಕೂತರು.

"ಎಲ್ಲಮ್ಮ ಕಲಿತಿದ್ದು ಈಜು?"

"ಬಾವೀಲಿ."

"ಯಾವಾಗ್ಲೂ ಒಂದೇ ಕಡೆ ಸುತ್ತುತೀಯಾ?"

ತಲೆಯಾಡಿಸಿದೆ.

"ಅದಕ್ಕೇ ಬಲಕ್ಕೆ ಎಳೀತಾ ಇದೆ. ಎಡಗಡೆಗೆ ಮಾತ್ರ ಉಸಿರು ತಗೋತೀಯ, ಬಲಗಡೆ ಏನಾಗ್ತಿದೆ ಅಂತ ನಿಂಗೆ ಗೊತ್ತೇ ಆಗ್ತಿಲ್ಲ. ನಿನ್ನ ಕೈ ತುಂಬ ಚೆನ್ನಾಗಿದೆ. ಮುಂದಿನ ತಿಂಗಳು ಇನ್ನೊಂದು ಆಯ್ಕೆ ಇಟ್ಟಿದೀವಿ, ಅದೇ ಕಡೇದು. ಅಷ್ಟರೊಳಗೆ ಇನ್ನೊಂದು ಕಡೆಗೂ ಸುತ್ತಿ ಸುತ್ತಿ ಅಭ್ಯಾಸ ಮಾಡ್ಕೊಂಡು ಬಾ" ಎಂದರು. ಹೋಗುವಾಗ ತಮ್ಮ ಕರ್ಚೀಫು ಕೊಟ್ಟು ಮೂಗು ಒರೆಸಿಕೊಳ್ಳಲು ಹೇಳಿದರು. ಎಷ್ಟು ಸುಲಭ ಎನ್ನಿಸಿತು ನನಗೆ. ಇನ್ನೊಂದು ಕಡೆಗೆ ಸುತ್ತಿದರೆ ಆಯಿತು.

ಊರಿಗೆ ವಾಪಸ್ ಬರುವ ಬಸ್ಸಿನಲ್ಲಿ ಅದನ್ನೇ ಅತ್ತೆಗೆ ಹೇಳಿದೆ. ಅವಳು ಕಿಟಕಿಯ ಕಡೆ ನೋಡುತ್ತಾ ಕೂತಿದ್ದಳು. ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಹೇಳಿದೆ.

"ಆಗಲ್ಲ" ಎಂದಳು.

"ಯಾಕಾಗಲ್ಲ? ಮೇಡಮ್ಮೇ ಹೇಳಿದಾರೆ."

"ಅವರಿಗೇನು ಗೊತ್ತು ನಮ್ಮ ಬಾವಿ ಸಂಗ್ತಿ. ಅಪ್ರದಕ್ಷಿಣೆ ಬರಂಗಿಲ್ಲ ಕಣೇ. ಬೇರೆ ಏನಾದ್ರೂ ದಾರಿ ಇದ್ರೆ ಹೇಳು."

ಬೇರೆ ದಾರಿ ಎಲ್ಲಿಂದ ತರಲಿ? ಇದ್ದದ್ದು ಒಂದೇ ಬಾವಿ. ಮನೆಗೆ ಬಂದು ಕೂಗಾಡಿದೆ. ಕಲ್ಲಿಗೆ ಅರಿಶಿನ ಹಚ್ಚಿಕೊಂಡು ನನ್ನ ಬಾಳು ಹಾಳು ಮಾಡುತ್ತೀಯ ಎಂದೆ. ಇನ್ನೂ ಏನೇನೋ ಅಂದೆ. ಅತ್ತೆ ಎದ್ದು ಕೊಟ್ಟಿಗೆಗೆ ಹೋದಳು. ಅಪ್ಪ ನನ್ನನ್ನು ಜಗುಲಿಗೆ ಕರೆದು ಕೂರಿಸಿ ಮೆಲ್ಲಗೆ ಹೇಳಿದರು. ಅತ್ತೆಗೂ ಅಪ್ಪನಿಗೂ ನಡುವೆ ಚಂದ್ರು ಎಂದು ಇನ್ನೊಬ್ಬ ತಮ್ಮನಿದ್ದನಂತೆ. ಅಪ್ಪ ಆಗ ತೊಟ್ಟಿಲಿನಲ್ಲಿದ್ದರು. ಚಂದ್ರು ಚಿಕ್ಕವನಿದ್ದಾಗ ಅದೇ ಬಾವಿಯಲ್ಲಿ ಹೋಗಿಬಿಟ್ಟ. ಬಾವಿ ಕಟ್ಟೆಯ ಮೇಲೆ ಅಪ್ರದಕ್ಷಿಣೆಯಾಗಿ ಓಡುತ್ತಿದ್ದ, ಅದಕ್ಕೇ ಗಂಗಮ್ಮ ಮುನಿದಳು ಎಂದು ನಮ್ಮ ಅಜ್ಜಿ ಸಾಯುವ ತನಕ ಹೇಳುತ್ತಿದ್ದರಂತೆ. "ಅವತ್ತು ಬಾವಿ ಹತ್ರ ಇದ್ದೋಳು ಇವಳೊಬ್ಳೇ. ನೀರಿಗಿಳಿದಿಲ್ಲ ಅವತ್ತಿಂದ. ನೀನು ಆ ಮಾತು ಎತ್ಬೇಡ" ಎಂದರು ಅಪ್ಪ.

ನನಗೆ ಅಯ್ಯೋ ಅನ್ನಿಸಿತು. ಆದರೆ ಸಿಟ್ಟು ಹೋಗಲಿಲ್ಲ. ಆ ವಯಸ್ಸಿನಲ್ಲಿ ಅಯ್ಯೋ ಅನ್ನಿಸುವುದೂ ಸಿಟ್ಟು ಬರುವುದೂ ಒಟ್ಟೊಟ್ಟಿಗೇ ನಡೆಯುತ್ತದೆ. ಅವತ್ತಿನಿಂದ ಬಾವಿಯ ಕಡೆ ಹೋಗುವುದನ್ನೇ ಬಿಟ್ಟೆ. ಕಡೆಯ ಆಯ್ಕೆ ಹತ್ತಿರವಾಗುತ್ತಿತ್ತು. ಅತ್ತೆ ದಿನಾ ಮಧ್ಯಾಹ್ನ ಕೊಬ್ಬರಿ ಬೆಲ್ಲ ತಂದು ನನ್ನ ಪಕ್ಕದಲ್ಲಿಟ್ಟು ಹೋಗುತ್ತಿದ್ದಳು. ನಾನು ಮುಟ್ಟುತ್ತಿರಲಿಲ್ಲ. ಸಂಜೆ ನೋಡಿದರೆ ಇರುವೆ ಮುತ್ತಿರುತ್ತಿತ್ತು.

ಒಂದು ಸೋಮವಾರ ಸಂಜೆ ಅತ್ತೆ ಊರ ಈಶ್ವರನ ಗುಡಿಗೆ ಹೊರಟಳು. ಹಣ್ಣುಕಾಯಿ ಬುಟ್ಟಿ ಹಿಡಿದುಕೊಂಡು ಬಾ ಎಂದು ಅಮ್ಮ ನನ್ನನ್ನೂ ಜೊತೆಗೆ ಅಟ್ಟಿದಳು. ನಾನು ಮುಖ ಊದಿಸಿಕೊಂಡು ಹಿಂದೆ ಹೋದೆ. ಈಶ್ವರನ ಗುಡಿಯಲ್ಲಿ ಪೂರ್ತಿ ಸುತ್ತು ಬರುವಂತಿಲ್ಲ, ನಿಮಗೆ ಗೊತ್ತಿರುತ್ತದೆ. ಅಭಿಷೇಕದ ನೀರು ಹೊರಗೆ ಬೀಳುವ ಬಾಯಿ ಇರುತ್ತದಲ್ಲ, ಸೋಮಸೂತ್ರ, ಅದನ್ನು ದಾಟಬಾರದು. ಅಲ್ಲಿಯವರೆಗೆ ಹೋಗಿ, ಬಂದ ದಾರಿಯಲ್ಲೇ ಹಿಂದಕ್ಕೆ ಬರಬೇಕು. ಅತ್ತೆ ಎಂದಿನಂತೆ ಸೋಮಸೂತ್ರದವರೆಗೆ ನಡೆದಳು, ಹಿಂದಕ್ಕೆ ತಿರುಗಿದಳು, ತಿರುಗಿದವಳು ಅಲ್ಲೇ ನಿಂತುಬಿಟ್ಟಳು. ನಾನು ಬುಟ್ಟಿ ಹಿಡಿದು ಕಾದೆ. ಮತ್ತೆ ಹೋದಳು, ಮತ್ತೆ ತಿರುಗಿ ಬಂದಳು. ಪೂಜಾರಪ್ಪ ಮಂಗಳಾರತಿ ತಟ್ಟೆ ಹಿಡಿದು, "ಏನ್ ಶಿವಮ್ಮ, ಇವತ್ತು ಹರಕೆಯಾ?" ಎಂದು ಕೇಳಿದರು. "ಹೂಂ ಕಣಪ್ಪ, ಅಂಗೇ ಅನ್ಕೊ" ಎಂದಳು ಅತ್ತೆ.

ಮಾರನೆಯ ದಿನ ಮಧ್ಯಾಹ್ನ ಗಂಡಸರೆಲ್ಲ ಕಾಯಿ ಸುಲಿಯುವ ಕಡೆ ಇದ್ದರು. ಅತ್ತೆ ನನ್ನ ರಟ್ಟೆ ಹಿಡಿದು ಬಾವಿಗೆ ಕರೆದುಕೊಂಡು ಹೋದಳು. ಕಡೆಯ ಮೆಟ್ಟಿಲ ಮೇಲೆ ನನ್ನನ್ನು ಕೂರಿಸಿದಳು, ದಿನಾ ಅವಳು ಕೂರುತ್ತಿದ್ದ ಜಾಗದಲ್ಲಿ. ಸೀರೆ ಎತ್ತಿ ಕಚ್ಚೆ ಹಾಕಿ ಬಿಗಿದಳು. ಗೂಡಿನ ಕಡೆ ನೋಡಿ ಕೈ ಮುಗಿದಳು.

"ಈಶ್ವರನ ಗುಡೀಲಿ ಹೋದ ದಾರೀಲೇ ವಾಪಸ್ ಬತ್ತೀವಿ. ಅದನ್ಯಾರೂ ಅಪ್ರದಕ್ಷಿಣೆ ಅನ್ನಲ್ಲ. ಅವನಿಗೆ ನಡೆಯೋದು ಅವನ ತಲೆ ಮೇಲೆ ಕೂತಿರೋಳಿಗೆ ನಡೀಬೇಕಲ್ಲ?" ಎಂದಳು. ನನ್ನನ್ನು ಕೇಳಿದಳೋ ಗಂಗಮ್ಮನನ್ನು ಕೇಳಿದಳೋ ತಿಳಿಯಲಿಲ್ಲ. "ಮೊದ್ಲು ನಾನು ಹೋಗ್ ಬತ್ತೀನಿ. ತಪ್ಪಿದ್ರೆ ನಂಗೆ ಬರ್ಲಿ."

ನಾನು ಬೇಡ ಎನ್ನುವಷ್ಟರಲ್ಲಿ ಅತ್ತೆ ನೀರಿಗೆ ಇಳಿದಿದ್ದಳು. ಅವಳಿಗೆ ಈಜು ಬರುವುದಿಲ್ಲ ಎಂದೇ ನಾನು ನಂಬಿದ್ದವಳು. ಅಪ್ಪನನ್ನು ಕೂಗಲು ಬಾಯಿ ತೆರೆದೆ. ಕೂಗುವ ಅಗತ್ಯ ಬೀಳಲಿಲ್ಲ. ಅತ್ತೆ ತಲೆ ಎತ್ತಿಕೊಂಡು, ಎರಡು ಕೈಯಿಂದ ನೀರನ್ನು ಆಚೀಚೆ ಸರಿಸಿಕೊಂಡು, ಸದ್ದೇ ಇಲ್ಲದೆ ಈಜತೊಡಗಿದಳು. ಹಸಿರು ಸೀರೆಯ ಸೆರಗು ಹಿಂದೆ ನೀರಿನಲ್ಲಿ ಹರಡಿಕೊಂಡು ಬರುತ್ತಿತ್ತು. ಹನ್ನೆರಡೋ ಹದಿಮೂರೋ ವಯಸ್ಸಿನಲ್ಲಿ ಬಿಟ್ಟದ್ದು, ಐವತ್ತು ದಾಟಿದ ಮೇಲೆ ನಿನ್ನೆ ಮೊನ್ನೆ ಬಿಟ್ಟವಳಂತೆ ಈಜುತ್ತಿದ್ದಳು. ನಾನು ಅಷ್ಟು ಚೆಂದದ ಈಜನ್ನು ಆಮೇಲೆ ದೊಡ್ಡ ದೊಡ್ಡ ಸ್ಪರ್ಧೆಗಳಲ್ಲೂ ಕಂಡಿಲ್ಲ. ಹೀಗೆಂದರೆ ನನ್ನ ಜೊತೆಯವರು ನಗುತ್ತಾರೆ, ನಗಲಿ.

ಪ್ರದಕ್ಷಿಣೆಯಾಗಿ ಇಡೀ ಬಾವಿ ಸುತ್ತಿ ಗಂಗಮ್ಮನ ಗೂಡಿನ ಹತ್ತಿರ ಬಂದಳು. ಮೆಟ್ಟಿಲಿಗೂ ಅದಕ್ಕೂ ನಡುವೆ ಕೈಯಳತೆಯಷ್ಟೇ ದೂರ. ಗೂಡಿನ ಕೆಳಗಿನ ಕಲ್ಲು ಹಿಡಿದುಕೊಂಡು ನಿಂತಳು. ಬಹಳ ಹೊತ್ತು ಹಾಗೇ ಹಿಡಿದುಕೊಂಡಿದ್ದಳು. ಆಮೇಲೆ ಹಿಂದಕ್ಕೆ ತಿರುಗಿ, ಬಂದ ದಾರಿಯಲ್ಲೇ, ಗೋಡೆಯನ್ನು ಬಲಕ್ಕೆ ಇಟ್ಟುಕೊಂಡು ಸುತ್ತಿ ಬಂದು ಮೆಟ್ಟಿಲು ಹತ್ತಿದಳು.

ನನ್ನ ಪಕ್ಕದಲ್ಲಿ ಕೂತು ಸೆರಗು ಹಿಂಡಿದಳು. ಅವಳ ಹಲ್ಲು ಕಟಕಟ ಅನ್ನುತ್ತಿತ್ತು. ಬಿಸಿಲಿತ್ತು, ನೀರೂ ಅಷ್ಟು ತಣ್ಣಗಿರಲಿಲ್ಲ.

"ಚಂದ್ರುಗೆ ಈಜು ಬತ್ತಿರ್ಲಿಲ್ಲ ಕಣೇ" ಎಂದಳು. "ಅಷ್ಟೇಯ. ಕಟ್ಟೆ ಮ್ಯಾಲಿಂದ ಜಾರ್ದ. ನಾನು ಇದೇ ಮೆಟ್ಲ ಮೇಲೆ ಬಟ್ಟೆ ಒಗೀತಿದ್ದೆ. ಧುಮುಕಿ ಹುಡುಕ್ದೆ. ಸುತ್ತಾ ಹುಡುಕ್ದೆ. ಯಾವಾಗ್ಲೂ ಸುತ್ತೋ ಕಡೆಯಿಂದ್ಲೇ ಸುತ್ತಿದ್ದು, ಬೇರೆ ಕಡೆಗೆ ಕೈಕಾಲು ತಿರುಗ್ಲೇ ಇಲ್ಲ ನಂಗೆ. ಅವನು ಆ ಗೂಡಿನ ಕೆಳಗೇ ಇದ್ದ. ಇಲ್ಲೇ. ಹಿಂಗೆ ತಿರುಗಿದ್ರೆ ಒಂದು ಕೈ ದೂರ."

ಅವಳ ಒದ್ದೆ ತೊಡೆಯ ಮೇಲೆ ತಲೆಯಿಟ್ಟೆ. ಅವಳು ನನ್ನ ತಲೆಗೂದಲನ್ನು ಬೆರಳಿನಿಂದ ಬಿಡಿಸುತ್ತಾ, "ನಮ್ಮಮ್ಮ ಅಪ್ರದಕ್ಷಿಣೆ ಅಂದ್ಲು. ಅನ್ಲಿ ಅಂತ ಸುಮ್ನಾದೆ. ಅದೊಂದು ಮಾತು ಇದ್ದಿದ್ದಕ್ಕೆ, ನೀನು ಎಲ್ಲೆಲ್ಲಿ ಹುಡುಕ್ದೆ ಅಂತ ನನ್ನನ್ಯಾರೂ ಕೇಳ್ಲಿಲ್ಲ" ಎಂದಳು. ಆಮೇಲೆ ನನ್ನ ಬೆನ್ನಿಗೆ ಒಂದು ಏಟು ಕೊಟ್ಟಳು. "ಏಳು, ಇಳಿ ನೀರಿಗೆ. ಗೂಡಿನ ತಂಕ ಹೋಗಿ ಕೈ ಮುಟ್ಸಿ ವಾಪಸ್ ಬಾ. ಕಾಲು ಗೀಲು ತಾಗಿಸ್ಬೇಡ ಮತ್ತೆ, ದೇವ್ರ ಗೋಡೆ ಅದು."

ಅವತ್ತಿನಿಂದ ಹಾಗೇ ಶುರುವಾಯಿತು. ಗೂಡಿನವರೆಗೆ ಒಂದು ಸುತ್ತು, ಮುಟ್ಟಿ ಹಿಂದಕ್ಕೆ ಒಂದು ಸುತ್ತು. ವಾಪಸ್ ಬರುವಾಗ ಅತ್ತೆ ಬಲಕ್ಕೆ ಬರುತ್ತಿದ್ದಳು. ಬಲಕ್ಕೆ ಮುಖ ಎತ್ತಿದರೆ ಮೂಗಿಗೆ ನೀರು ನುಗ್ಗುತ್ತಿತ್ತು, ಕತ್ತು ನೋಯುತ್ತಿತ್ತು, ಮೊದಮೊದಲು ನಾಯಿ ಈಜಿದಂತೆ ಈಜುತ್ತಿದ್ದೆ. ಅತ್ತೆ ಮೆಟ್ಟಿಲಿನಿಂದ, "ಇಲ್ಲಿ ನೋಡೇ, ಇಲ್ಲಿ, ನಾನೇನು ದೆವ್ವನಾ?" ಎಂದು ಗದರುತ್ತಿದ್ದಳು. ಆಗಾಗ ತಾನೂ ಇಳಿಯುತ್ತಿದ್ದಳು. ಅಪ್ಪ ಒಮ್ಮೆ ಮೇಲಿನಿಂದ ಬಗ್ಗಿ ನೋಡಿದರು. ಅಕ್ಕ ನೀರಿನಲ್ಲಿರುವುದನ್ನು ಕಂಡರು. ಹಾಗೇ ತೋಟದ ಕಡೆ ಹೋದರು. ರಾತ್ರಿ ಊಟಕ್ಕೆ ಕೂತಾಗ, "ಹಾಸ್ಟೆಲಿಗೆ ಹಾಸಿಗೆ ನಾವೇ ತಗೊಂಡ್ ಹೋಗ್ಬೇಕಾ, ಅವ್ರೇ ಕೊಡ್ತಾರಾ?" ಎಂದು ಕೇಳಿದರು. ಅದು ಅವರ ಒಪ್ಪಿಗೆ.

ಕಡೆಯ ಆಯ್ಕೆಯ ದಿನ ಅದೇ ಈಜುಕೊಳ, ಅದೇ ನೂರು ಮೀಟರ್. ಈ ಸಲ ಮೊದಲ ನಾಲ್ಕು ಜನಕ್ಕೆ ಮಾತ್ರ ಜಾಗ ಎಂದರು. ಅತ್ತೆ ಎಂದಿನಂತೆ ಟವೆಲ್ ಸುತ್ತಿ ಕರೆತಂದು, ಟವೆಲ್ ಕಿತ್ತುಕೊಂಡು ಹೋದಳು. ಎಲ್ಲಿ ಕೂತಳು ಎಂದು ನೋಡುವಷ್ಟರಲ್ಲಿ ಕರೆದುಬಿಟ್ಟರು. ಹಾರಿದೆ. ಎಡಕ್ಕೆ ಮುಖ ತಿರುಗಿಸಿದೆ, ಹಳೆಯ ಜಾಗದಲ್ಲಿ ಅವಳಿರಲಿಲ್ಲ. ಇನ್ನೊಮ್ಮೆ ನೋಡಿದೆ, ಇರಲಿಲ್ಲ. ಬಾವಿಯ ಅಭ್ಯಾಸ ಎಲ್ಲ ಮರೆತು ಹೋಗುವ ಹಾಗಾಯಿತು. ಆಗ ಹೆದರಿಕೆಗೋ ಹಟಕ್ಕೋ ಬಲಕ್ಕೆ ಮುಖ ಎತ್ತಿದೆ.

ಅತ್ತೆ ಅಲ್ಲಿದ್ದಳು. ಬಲಗಡೆಯ ಮೆಟ್ಟಿಲ ಸಾಲಿನಲ್ಲಿ, ಬಿಸಿಲಿನಲ್ಲಿ, ಒಬ್ಬಳೇ ಕೂತು ಟವೆಲನ್ನು ತಲೆಗೆ ಹಾಕಿಕೊಂಡಿದ್ದಳು. ನೆರಳೆಲ್ಲ ಎಡಗಡೆಗಿತ್ತು, ಜನರೆಲ್ಲ ಅಲ್ಲಿದ್ದರು. ಆಮೇಲೆ ನನಗೆ ಬೇರೇನೂ ಕಾಣಿಸಲಿಲ್ಲ. ಬಲಕ್ಕೊಂದು ಉಸಿರು, ಎಡಕ್ಕೊಂದು ಉಸಿರು. ತಳದ ಕಪ್ಪು ಗೆರೆ ಚೆಂದಕ್ಕಲ್ಲ ಎಂದು ಅವತ್ತು ತಿಳಿಯಿತು, ಅದು ನನ್ನ ಹೊಟ್ಟೆಯ ಕೆಳಗೇ ಉದ್ದಕ್ಕೂ ಬಂತು. ಆ ತುದಿಯಲ್ಲಿ ಬೇರೆ ಮಕ್ಕಳೆಲ್ಲ ಪಲ್ಟಿ ಹೊಡೆದು ಗೋಡೆಗೆ ಕಾಲು ಕೊಟ್ಟು ಒದ್ದು ಮುಂದೆ ಹೋದರು. ನಾನು ಗೋಡೆಗೆ ಭಕ್ತಿಯಿಂದ ಕೈ ಮುಟ್ಟಿಸಿ, ಕಾಲು ತಾಗದಂತೆ ಜೋಪಾನವಾಗಿ ತಿರುಗಿ ಬಂದೆ. ಅಲ್ಲಿ ಹಿಂದೆ ಬಿದ್ದೆ. ವಾಪಸ್ ಬರುವಾಗ ಕಣ್ಣು ಮುಚ್ಚಿ ಕೈ ಬೀಸಿದೆ ಎನ್ನಬೇಕು. ಕೈ ಗೋಡೆಗೆ ತಾಗಿದಾಗ ಪಕ್ಕಕ್ಕೆ ನೋಡಲೂ ಧೈರ್ಯವಿರಲಿಲ್ಲ. ಮೇಡಂ ಬಗ್ಗಿ ನನ್ನ ತಲೆ ಮುಟ್ಟಿ, "ನಾಲ್ಕನೆಯವಳು" ಎಂದರು. "ಅಲ್ಲಮ್ಮ, ಆ ಗೋಡೆಗೇನು ನಮಸ್ಕಾರ ಮಾಡಿ ಬಂದೆಯಾ?" ಎಂದು ನಕ್ಕರು. ಹೌದು ಎಂದು ನಾನು ಹೇಳಲಿಲ್ಲ.

ಓಡಿ ಹೋಗಿ ಅತ್ತೆಯನ್ನು ತಬ್ಬಿಕೊಂಡೆ, ಅವಳ ಸೀರೆಯೆಲ್ಲ ಒದ್ದೆಯಾಯಿತು. "ಯಾಕೆ ಜಾಗ ಬದಲಾಯಿಸ್ದೆ? ನನ್ನ ಜೀವ ಹೋಗಿತ್ತು" ಎಂದು ಬೈದೆ.

"ಎಡಕ್ಕೆ ಹೆಂಗೂ ನೋಡ್ತೀಯ" ಎಂದಳು ಅತ್ತೆ. "ನೀನು ನೋಡ್ದೆ ಇರೋ ಕಡೆ ಒಬ್ರು ಇರ್ಬೇಕು ಕಣೇ."

ಮುಂದಿನದೆಲ್ಲ ಸಾಮಾನ್ಯ ಕತೆ. ಹಾಸ್ಟೆಲಿಗೆ ಸೇರಿದೆ. ಗೋಡೆಗೆ ಕಾಲು ಕೊಟ್ಟು ಒದೆಯುವುದನ್ನು ಕಲಿಸಲು ಅವರಿಗೆ ತಿಂಗಳುಗಟ್ಟಲೆ ಹಿಡಿಯಿತು. ಪ್ರತಿ ಸಲ ಒದೆಯುವಾಗ ನಾನು ಒಳಗೊಳಗೇ ತಪ್ಪಾಯಿತಮ್ಮಾ ಅನ್ನುತ್ತಿದ್ದೆ. ಜಿಲ್ಲೆ ಗೆದ್ದೆ, ರಾಜ್ಯ ಮಟ್ಟದಲ್ಲಿ ಕೆಲವು ಸಲ ಪದಕ ಬಂತು, ಒಮ್ಮೆ ರಾಷ್ಟ್ರಮಟ್ಟದ ರಿಲೇಯಲ್ಲಿ ನಮ್ಮ ತಂಡ ಮೂರನೆಯದಾಯಿತು. ಅದಕ್ಕಿಂತ ಮೇಲೆ ಹೋಗಲಿಲ್ಲ. ಬಲಭುಜ ಕೈ ಕೊಟ್ಟಿತು, ಡಾಕ್ಟರು ಸಾಕು ಅಂದರು. ಸ್ಪರ್ಧೆ ಬಿಟ್ಟ ದಿನ ಊರಿಗೆ ಹೋಗಿ ಅತ್ತೆ ಇಲ್ಲದ ಹೊತ್ತು ನೋಡಿ ಬಾವಿಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಅವಳು ಹೇಗೋ ಪತ್ತೆ ಹಚ್ಚಿ ಕೊಬ್ಬರಿ ಬೆಲ್ಲ ಹಿಡಿದುಕೊಂಡು ಬಂದಳು. "ಭುಜ ಹೋದ್ರೆ ಹೋಯ್ತು, ಬಾಯಿ ಐತಲ್ಲ, ಕಲ್ಸು" ಎಂದಳು. ಆ ಮಾತಿನಂತೆ ಕಲಿಸುವ ಕೆಲಸಕ್ಕೆ ಸೇರಿದೆ.

ಅತ್ತೆಗೆ ಈಗ ಎಪ್ಪತ್ತರ ಹತ್ತಿರ. ಮಂಡಿ ನೋವು, ಮೆಟ್ಟಿಲು ಇಳಿಯಲು ಆಗುವುದಿಲ್ಲ. ಬಾವಿ ಕಟ್ಟೆಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂರುತ್ತಾಳೆ. ಈಗ ನಮ್ಮೂರ ಮಕ್ಕಳು ಎರಡೂ ಕಡೆಗೆ ಸುತ್ತುತ್ತಾರೆ. ಗೂಡಿನ ಹತ್ತಿರ ಬಂದು ಕೈ ಮುಟ್ಟಿಸಿ ಹಿಂದಕ್ಕೆ ತಿರುಗುತ್ತಾರೆ. ಇದು ಎಂದಿನಿಂದಲೂ ಇರುವ ಪದ್ಧತಿ ಎಂದು ಆ ಮಕ್ಕಳು ತಿಳಿದುಕೊಂಡಿದ್ದಾರೆ. ಅತ್ತೆಯೂ ತಿದ್ದಲು ಹೋಗುವುದಿಲ್ಲ.

ನನ್ನ ಹತ್ತಿರ ಕಲಿಯಲು ಬರುವ ಮಕ್ಕಳಲ್ಲಿ ಒಂದೇ ಕಡೆಗೆ ಉಸಿರು ತೆಗೆದುಕೊಳ್ಳುವವರು ಬಹಳ ಜನ. ಸಾಮಾನ್ಯವಾಗಿ ಅಮ್ಮ ಕೂತಿರುವ ಕಡೆಗೇ ತಿರುಗುತ್ತಾರೆ. ಆ ಕಡೆ ತಿರುಗಬೇಡ, ಈ ಕಡೆ ತಿರುಗು ಎಂದು ನಾನು ಕೂಗುವುದಿಲ್ಲ. ಕೊಳದ ಆಚೆ ಬದಿಗೆ, ಬಿಸಿಲು ಬೀಳುವ ಕಡೆಗೆ ಸುಮ್ಮನೆ ನಡೆದು ಹೋಗುತ್ತೇನೆ. ಮಗು ದಾರಿ ತಪ್ಪಿ ಹಗ್ಗದ ಹತ್ತಿರ ಬರುತ್ತದೆ, ಗಾಬರಿಯಾಗುತ್ತದೆ, ಆಗ ಒಂದಲ್ಲ ಒಂದು ಸಲ ಈ ಕಡೆಗೂ ಮುಖ ಎತ್ತುತ್ತದೆ. ಆ ಹೊತ್ತಿಗೆ ನಾನು ಅಲ್ಲಿ ನಿಂತಿರಬೇಕು.